ಹಾರ ಹಾಕಲು ಒಂದು ಫೋಟೋ ಬೇಕಿತ್ತು

ಟೀವಿಯ ಮಕ್ಕಳ ಹಾಸ್ಯ ನಾಟಕಗಳಲ್ಲಿ ಮಾತೂ ಆಡದೆ, ಮೇಕಪ್ಪೂ ಕೇಳದೆ ದುಡಿಯುವ ಒಬ್ಬ ಕಲಾವಿದನಿದ್ದಾನೆ: ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಅಜ್ಜ. ಆಸ್ತಿ ಜಗಳಕ್ಕೂ ಅವನೇ ಬೇಕು, ದೆವ್ವ ಬರಬೇಕಾದರೂ ಅವನೇ ಬೇಕು. ಆದರೆ ಆ ಚೌಕಟ್ಟಿನೊಳಗಿನ ಮುಖ ಯಾರದ್ದೆಂದು ನೋಡುವವರು ಯಾರೂ ಕೇಳುವುದಿಲ್ಲ.

2016ರಲ್ಲಿ ಜೀ ಕನ್ನಡದಲ್ಲಿ 'ಡ್ರಾಮಾ ಜೂನಿಯರ್ಸ್' ಎಂಬ ಮಕ್ಕಳ ನಾಟಕದ ಶೋ ಶುರುವಾದದ್ದೇ ತಡ, ಶಿರೂರಿನಿಂದ ಬ್ರಹ್ಮಾವರದ ತನಕ ನಮ್ಮ ಕಡೆಯ ಸ್ಕೂಲ್‌ಡೇಗಳ ಚಹರೆ ಬದಲಾಯಿತು. ಅಲ್ಲಿಯವರೆಗೆ ಏಕಲವ್ಯ ವರ್ಷಕ್ಕೊಮ್ಮೆ ಹೆಬ್ಬೆರಳು ಕೊಡುತ್ತಿದ್ದ. ಈಗ ಮೂರನೇ ಕ್ಲಾಸಿನ ಮಾಣಿ ಮೀಸೆ ಅಂಟಿಸಿಕೊಂಡು ಹೆಂಡತಿಗೆ ಹೆದರುತ್ತಾನೆ. ಮೈಕು ಹಿಡಿದ ಪ್ರತಿ ಮೇಷ್ಟ್ರೂ ಆ ಶೋ ನಡೆಸಿಕೊಡುತ್ತಿದ್ದ ಮಾಸ್ಟರ್ ಆನಂದ್. ಕಣ್ಣೊರೆಸಿಕೊಳ್ಳುವ ಪ್ರತಿ ಟೀಚರೂ ಅಲ್ಲಿ ತೀರ್ಪು ಕೊಡುತ್ತಿದ್ದ ನಟಿ ಲಕ್ಷ್ಮಿ. ಅದೇ ತೀರ್ಪುಗಾರರ ಸಾಲಿನ ಟಿ.ಎನ್. ಸೀತಾರಾಮ್ ಆಗಲು ಮಾತ್ರ ಪೈಪೋಟಿ ಇಲ್ಲ. ಅಷ್ಟು ಹೊತ್ತು ಗಂಭೀರವಾಗಿ ಕೂರುವುದು ಯಾರಿಂದ ಆಗುತ್ತದೆ?

ಬೈಂದೂರು ಕಡೆಯ ಒಂದು ಶಾಲೆಯವರು ನನ್ನಿಂದ ಇಂಥದೇ ನಾಟಕ ಬರೆಸಿದರು. ಮಕ್ಕಳು ಸಿಕ್ಕರು, ಸೀರೆ ಸಿಕ್ಕಿತು, ಅಜ್ಜ ಸಿಗಲಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸೋಣವೆಂದರೆ ಎಲ್ಲ ಅಜ್ಜಂದಿರೂ ಇಂಗ್ಲಿಷಿನವರ ಹಾಗೆ ಹಲ್ಲು ಬಿಟ್ಟು ನಗುತ್ತಿದ್ದರು. ನಮ್ಮ ಕಡೆಯ ಅಜ್ಜಯ್ಯ ಫೋಟೋದಲ್ಲಿ ನಗುವುದುಂಟೇ? ಸ್ಟುಡಿಯೋಕ್ಕೆ ಹೋದೆವು. ಕಟ್ಟು ಹಾಕಿಸಿ ಒಯ್ಯದೆ ಬಿಟ್ಟ ಫೋಟೋಗಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ಒಂದರ ಗಾಜಿನ ಮೇಲೆ ಬಾಕಿ ಹಣದ ಚೀಟಿ. ಸ್ಟುಡಿಯೋದವರು ಕೈಮುಗಿದರು: "ಬ್ಯಾಡ ಮಾರಾಯ್ರೆ, ಬಾಕಿ ಕೊಡುಕೆ ಬಾರದವ್ರು ಜಗಳಕ್ಕೆ ಬತ್ರ್."

ಕಡೆಗೆ ಪಾತ್ರ ಮಾಡುವ ಮಾಣಿಯ ಸ್ವಂತ ಅಜ್ಜಯ್ಯನೇ ಒಪ್ಪಿದರು. "ಹಾಕಿ, ಹಾಕಿ. ಸತ್ ಮೇಲೆ ಹಾಕ್ರೆ ನಂಗೆ ಕಾಂಬುಕ್ ಆತ್ತಾ?" ಅವರ ಷರತ್ತು ಒಂದೇ: ಪ್ಲಾಸ್ಟಿಕ್ ಹಾರ ಆಗದು, ಶಂಕರಪುರ ಮಲ್ಲಿಗೆಯೇ ಆಗಬೇಕು.

ನಾಟಕದ ದಿನ ಅಜ್ಜಯ್ಯ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ರಂಗದ ಮೇಲೆ ಅವರದೇ ಫೋಟೋ, ಮಲ್ಲಿಗೆ, ಕೆಂಪು ಬಲ್ಬು. ಮೊಮ್ಮಗ ಅದರ ಎದುರು ನಿಂತು, "ಅಜ್ಜಯ್ಯಾ, ಪೆಟ್ಟಿಗೆಯ ಬೀಗದಕೈ ಎಲ್ಲಿಟ್ಟು ಹೋದೆ?" ಎಂದು ಗೋಳಾಡಿದ. ಮುಂದಿನ ಸಾಲಿನಿಂದ ಉತ್ತರ ಬಂತು: "ಅಕ್ಕಿ ಮುಡಿ ಅಡಿಗ್ ಕಾಣಾ!"

ನಾನು ಬರೆದ ಯಾವ ಸಾಲಿಗೂ ಆ ಚಪ್ಪಾಳೆ ಬೀಳಲಿಲ್ಲ.

ಮನೆಯಲ್ಲಿ ಮಾತ್ರ ಅಜ್ಜಿ ಕೆಂಡವಾಗಿದ್ದರು. "ಅವ್ರನ್ನ ಕೇಂಡ್ರಿ ಸೈ. ನನ್ನ ಕೇಂಡ್ರ್ಯಾ? ಹಾರ ಅವ್ರಿಗೆ, ಕುಂಕುಮ ಹೋಪುದ್ ನಂದಲ್ದಾ?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಸುಪ್ರೀಂ ಕೋರ್ಟಿನಲ್ಲೂ ಇದ್ದಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 9 ನ್ಯಾಯಮೂರ್ತಿಗಳು ಕೂತು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ನಟ ಅನಿಲ್ ಕಪೂರ್ ದಿಲ್ಲಿ ಹೈಕೋರ್ಟಿಗೆ ಹೋಗಿ ತಮ್ಮ ಮುಖ, ದನಿ, 'ಝಕಾಸ್' ಎಂಬ ಉದ್ಗಾರವನ್ನೂ ಬೇರೆಯವರು ಅಪ್ಪಣೆಯಿಲ್ಲದೆ ಬಳಸದಂತೆ ಆದೇಶ ತಂದರು. ಗಂಡನ ಮುಖದಲ್ಲಿ ಹೆಂಡತಿಯ ಪಾಲೆಷ್ಟು ಎಂಬುದನ್ನು ಕೇಳಿದ್ದು ನಮ್ಮ ಅಜ್ಜಿಯೇ.

ಹಾಗೆಂದು ನಮ್ಮವರಿಗೆ ಮುಖ ತೋರಿಸಲು ನಾಚಿಕೆಯೇ? ಕುಂದಾಪುರದ ಶಾಸ್ತ್ರಿ ಸರ್ಕಲ್ಲಿಗೆ ಹೋಗಿ ಫ್ಲೆಕ್ಸ್ ನೋಡಿ. ನಾಯಕರ ಹುಟ್ಟುಹಬ್ಬಕ್ಕೆ ಶುಭ ಕೋರುವವರ ಮುಖಗಳ ಸಂದಿಯಲ್ಲಿ ನಾಯಕರನ್ನೇ ಹುಡುಕಬೇಕು. ಅಮೆರಿಕದಲ್ಲಿ 2007ರಲ್ಲಿ ಆರಂಭವಾದ 'ಐಕಾರ್ಲಿ' ಎಂಬ ಮಕ್ಕಳ ಹಾಸ್ಯ ಧಾರಾವಾಹಿಯವರಂತೂ ನಿಮ್ಮ ಮಂಗಾಟದ ವಿಡಿಯೋ ನೀವೇ ಕಳಿಸಿ ಎಂದು ನೋಡುಗ ಮಕ್ಕಳನ್ನೇ ಕರೆದರು. ತಾನೇ ಕೊಟ್ಟ ಮುಖಕ್ಕೆ ಎಷ್ಟು ನಕ್ಕರೂ ಸಿಟ್ಟಿಲ್ಲ. ಕದ್ದ ಮುಖಕ್ಕೆ ಮುಗುಳ್ನಗೆಯೂ ತಡೆಯದು.

ಫೋಟೋ ಇಲ್ಲದೆ ನಗಿಸುವ ವಿದ್ಯೆ ಈ ಮಣ್ಣಿನಲ್ಲಿ ಇಲ್ಲದ್ದೇನಲ್ಲ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಕಟ್ಟಿದ ಯಕ್ಷಗಾನ ತಂಡ ಸಾಲಿಗ್ರಾಮ ಮಕ್ಕಳ ಮೇಳದ ಪೋರರು ಟೀವಿ ಮನೆಮನೆಗೆ ಬರುವ ಮೊದಲೇ ಗೆಜ್ಜೆ ಕಟ್ಟಿ ಕುಣಿದರು. ಉಪ್ಪಿನಕುದ್ರಿನ ಗೊಂಬೆಯಾಟದಲ್ಲಿ ಮುಖವೇ ಮರದ್ದು. ಬಡಗುತಿಟ್ಟು ಯಕ್ಷಗಾನದ ಹಾಸ್ಯಗಾರರು ಊರ ಶ್ಯಾನುಭೋಗರ ನಡಿಗೆಯನ್ನು ಎರಡು ಹೆಜ್ಜೆ ತೋರಿಸಿದರೆ ಸಾಕು, ಇಡೀ ಗದ್ದೆ ನಗುತ್ತಿತ್ತು. ಶ್ಯಾನುಭೋಗರೂ ನಗುತ್ತಿದ್ದರು, ಅದು ಪಕ್ಕದೂರಿನವನದ್ದೆಂದು.

ಆ ಅಜ್ಜಯ್ಯನ ಫೋಟೋ ವಾಪಸು ಹೋಯಿತು. ಹಾರವನ್ನು ಅಜ್ಜಿ ಮನೆಯೊಳಗೆ ಸೇರಿಸಲಿಲ್ಲ.

ಡಿಸೆಂಬರ್ ಬಂದರೆ ಮತ್ತೆ ಸ್ಕೂಲ್‌ಡೇ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಗೋಡೆಗೆ ಅಜ್ಜ ಬೇಕಾದರೆ ಅಜ್ಜನನ್ನು ಕೇಳಿ, ಅಜ್ಜಿಯನ್ನು ಅವರಿಗಿಂತ ಮೊದಲು ಕೇಳಿ. ಇಬ್ಬರೂ ಒಪ್ಪದಿದ್ದರೆ ನಾಟಕ ಬರೆದವನ ಫೋಟೋ ಹಾಕಿ. ಮಲ್ಲಿಗೆ ತುಟ್ಟಿ, ನನಗೆ ಪ್ಲಾಸ್ಟಿಕ್ ಹಾರವೂ ಆಗುತ್ತದೆ.