ಹೂಂಗುಟ್ಟುವವರ ಸಂಸಾರ

ಸಂಸಾರದಲ್ಲಿ ಅತಿ ಹೆಚ್ಚು ಚಲಾವಣೆಯಲ್ಲಿರುವ ಖೋಟಾ ನಾಣ್ಯ ‘ಹೂಂ’. ಮೂಲದಲ್ಲಿ ಅದು ಅಪ್ಪಟ ಬೆಳ್ಳಿಯೇ. ಕತ್ತಲಲ್ಲಿ ಕಥೆ ಹೇಳುವ ಅಜ್ಜಿಗೆ ಮೊಮ್ಮಗುವಿನ ಹೂಂ ಕೇಳಿಸದಿದ್ದರೆ ರಾಜಕುಮಾರನನ್ನು ಏಳು ಸಮುದ್ರದ ನಡುವೆಯೇ ಬಿಟ್ಟು ಅವಳು ಮಗ್ಗುಲು ಬದಲಿಸುತ್ತಿದ್ದಳು. ಹೂಂ ಎಂದರೆ ಎಚ್ಚರವಾಗಿದ್ದೇನೆ, ಮುಂದೆ ಹೇಳು ಎಂಬ ರಸೀದಿ. ಮದುವೆಯಾದ ಮೇಲೆ ಅದೇ ಹೂಂಗೆ ನಾನಿಲ್ಲಿಲ್ಲ, ದಯವಿಟ್ಟು ಮುಂದೆ ಹೇಳಬೇಡ ಎಂಬ ಅರ್ಥ ಬಂದುಬಿಡುತ್ತದೆ. ‘ರೀ, ಪಕ್ಕದ ಮನೆಯವರು ಖಾಲಿ ಮಾಡ್ತಾರಂತೆ’ ಎಂದರೂ ಹೂಂ, ‘ನಾನೂ ಅವರ ಜೊತೆ ಹೊರಡ್ತೀನಿ’ ಎಂದರೂ ಹೂಂ. ಗಂಡಸರಷ್ಟೇ ಇದನ್ನು ಟಂಕಿಸುತ್ತಾರೆ ಎನ್ನುವಂತಿಲ್ಲ. ಮೊಬೈಲು ಬಂದ ಮೇಲೆ ಈ ಟಂಕಸಾಲೆಯಲ್ಲಿ ಪೂರ್ಣ ಸಮಾನತೆ ಬಂದಿದೆ. ಈ ನಾಣ್ಯದ ಇನ್ನೊಂದು ಮುಖದಲ್ಲಿ ‘ಈ ಕೆಲಸ ಒಂದು ಮುಗಿಸಿ ಬರ್ತೀನಿ’ ಎಂದು ಅಚ್ಚಾಗಿರುತ್ತದೆ. ನನ್ನ ತಕರಾರು ಇರುವುದು ಈ ಮುಖದ ಮೇಲೆ. ಕೆಲಸ ಮುಗಿಸಿ ಬರುವುದು ದೊಡ್ಡ ಮಾತಲ್ಲ, ಬಿಡುವಿರುವ ಯಾರಾದರೂ ಬಂದಾರು. ಮುಗಿಸದೆ ಎದ್ದು ಬಂದರೆ ಮಾತ್ರ ಬಂದ ಹಾಗೆ.

ಒಂದು ಹೂಂಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎನ್ನುವವರು ಅಮೆರಿಕದ ಸಿಯಾಟಲ್‌ಗೆ ಹೋಗಬೇಕು. ಅಲ್ಲಿ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಹೊಸದಾಗಿ ಮದುವೆಯಾದ ಜೋಡಿಗಳನ್ನು ಮನೆಯಂತೆಯೇ ಸಜ್ಜುಗೊಳಿಸಿದ ಪ್ರಯೋಗಾಲಯದಲ್ಲಿ ಕೂರಿಸಿ, ಅವರ ಪಾಡಿಗೆ ಬಿಟ್ಟು ಗಮನಿಸಿದರು. ಹುಡುಕಿದ್ದು ಜಗಳವನ್ನಲ್ಲ, ‘ಅಲ್ಲಿ ನೋಡು’ ಎಂಬಂಥ ಪುಡಿ ಮಾತುಗಳನ್ನು. ಒಬ್ಬರು ಹಾಗೆ ಕರೆದಾಗ ಇನ್ನೊಬ್ಬರು ಓಗೊಟ್ಟರೋ ಇಲ್ಲವೋ ಎಂದು ಲೆಕ್ಕ ಇಟ್ಟರು. ಆರು ವರ್ಷದ ನಂತರ ನೋಡಿದರೆ, ಜೊತೆಯಲ್ಲೇ ಉಳಿದಿದ್ದವರು ಇಂಥ 100 ಕರೆಗಳಲ್ಲಿ 86ಕ್ಕೆ ಓಗೊಟ್ಟಿದ್ದರು, ಬೇರೆಯಾದವರು 33ಕ್ಕೆ. ಇದರಿಂದ ವಿಚ್ಛೇದನಕ್ಕೆ ಹೂಂ ಒಂದೇ ಕಾರಣವೆಂದು ತೀರ್ಪು ಕೊಡಲಾಗದು, ಮನಸ್ಸು ಮುರಿದ ಮೇಲೆ ಕಿವಿ ಮುಚ್ಚಿರಲೂಬಹುದು. ಆದರೆ 33ರ ಅರ್ಥ ಗಮನಿಸಿ. ನಾವು ಓದುತ್ತಿದ್ದ ಕಾಲದ ಪರೀಕ್ಷೆಗಳಲ್ಲೂ ಪಾಸಾಗಲು ಅದು ಎರಡು ಅಂಕ ಕಡಿಮೆಯಿತ್ತು.

ಇನ್ನು ‘ಮುಗಿಸಿ ಬರ್ತೀನಿ’ ಎಂಬ ಭರವಸೆ. ನಾರ್ತ್‌ಕೋಟ್ ಪಾರ್ಕಿನ್ಸನ್ ಎಂಬ ಇತಿಹಾಸಕಾರರು 1955ರಲ್ಲಿ ಬರೆದ ಒಂದು ಲೇಖನದಲ್ಲಿ, ಬೇರೇನೂ ಕೆಲಸವಿಲ್ಲದ ಮುದುಕಿಯೊಬ್ಬಳು ತಂಗಿಯ ಮಗಳಿಗೋ ಅಣ್ಣನ ಮಗಳಿಗೋ ಒಂದು ಪೋಸ್ಟ್‌ಕಾರ್ಡ್ ಬರೆಯುವುದರಲ್ಲಿ ಇಡೀ ದಿನ ಕಳೆಯುತ್ತಾಳೆ. ಕೊಟ್ಟಷ್ಟು ಹೊತ್ತನ್ನೂ ಕೆಲಸ ಹಿಗ್ಗಿ ತುಂಬಿಕೊಳ್ಳುತ್ತದೆ ಎಂಬುದು ಅವರ ನಿಯಮ. ಹಾಗಿರುವಾಗ ಸಂಜೆಯನ್ನೆಲ್ಲ ಕೊಟ್ಟು, ಮುಗಿದ ಮೇಲೆ ಹೆಂಡತಿಯ ಹತ್ತಿರ ಕೂರುತ್ತೇನೆ ಎನ್ನುವವನು ಗದ್ದೆಗೆ ನೀರೆಲ್ಲ ಹರಿದ ಮೇಲೆ ಮಿಕ್ಕ ನೀರನ್ನು ತುಳಸಿಗೆ ಹಾಕುತ್ತೇನೆ ಎಂದಂತೆ. ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಅರ್ಧಕ್ಕೆ ಬಿಟ್ಟು ಬಂದರೆ ದೇಹ ಸೋಫಾದ ಮೇಲೆ, ಮನಸ್ಸು ಎಕ್ಸೆಲ್ ಶೀಟಿನ ಮೇಲೆ, ಅದೇನು ಸುಖ? ನಿಜ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ಇದನ್ನು ತೋರಿಸಿದ್ದಾರೆ. ಒಂದು ಕೆಲಸದಿಂದ ಎದ್ದಾಗ ಗಮನದ ಒಂದು ಪಾಲು ಫಿಲ್ಟರಿನ ಚರಟದಂತೆ ಅಲ್ಲೇ ತಳದಲ್ಲಿ ಉಳಿಯುತ್ತದೆ. ಮದ್ದನ್ನೂ ಅವರೇ ಹುಡುಕಿದ್ದಾರೆ. ಎಲ್ಲಿ ನಿಲ್ಲಿಸಿದೆ, ಮುಂದೆ ಏನು ಮಾಡಬೇಕು ಎಂದು ಒಂದು ಚೀಟಿಯಲ್ಲಿ ಗೀಚಿಟ್ಟು ಎದ್ದರೆ ಮನಸ್ಸು ಬಹುಮಟ್ಟಿಗೆ ಜೊತೆಯಲ್ಲೇ ಬರುತ್ತದಂತೆ. ಚೀಟಿಗೆ ಒಂದು ನಿಮಿಷ ಸಾಕು. ‘ಒಂದ್ನಿಮಿಷ’ ಎಂಬ ಮಾತಿಗೆ ಇಷ್ಟು ಕಾಲದ ಮೇಲೆ ನಿಜವಾದ ಅರ್ಥವೂ ಬಂದಂತಾಗುತ್ತದೆ.

ಕನ್ನಡದವರು ಇಷ್ಟಕ್ಕೆ ಸೋಲುವುದಿಲ್ಲ, ‘ಕಾಯಕವೇ ಕೈಲಾಸ’ ಎಂಬ ಬ್ರಹ್ಮಾಸ್ತ್ರ ಹೊರಗೆ ಬರುತ್ತದೆ. ಕಾಯಕದಲ್ಲಿ ಮುಳುಗಿದವನಿಗೆ ಗುರು ಲಿಂಗಗಳನ್ನೇ ಮರೆಯಲು ವಿನಾಯಿತಿ ಕೊಟ್ಟ ವಚನವಿದೆ. ಹೆಂಡತಿ ಯಾವ ಲೆಕ್ಕ? ಆ ವಚನ ಆಯ್ದಕ್ಕಿ ಮಾರಯ್ಯನದು. ಅಸ್ತ್ರ ಬಿಡುವ ಮುನ್ನ ಆತನ ಮನೆಯ ಸಂಗತಿಯನ್ನೂ ತಿಳಿದುಕೊಳ್ಳುವುದು ಕ್ಷೇಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಹೊತ್ತು ಮನೆಗೆ ಬಂದ. ನಮ್ಮ ಕಾಲವಾಗಿದ್ದರೆ ಅದಕ್ಕೆ ಇನ್ಸೆಂಟಿವ್ ಎಂದು ಹೆಸರಿಟ್ಟು ಇಮೇಲ್ ಕಳಿಸುತ್ತಿದ್ದರು. ಹೆಂಡತಿ ಲಕ್ಕಮ್ಮ ಸೇರಿಗೊಂದು ಮೆಚ್ಚುಗೆಯ ಮಾತು ಆಡಲಿಲ್ಲ. ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಆಸೆ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಸುರಿದು ಬಂದ. ಕಾಯಕಕ್ಕೆ ದುಡಿಮೆ ಎಷ್ಟು ಮುಖ್ಯವೋ ಸಾಕು ಎನ್ನುವುದೂ ಅಷ್ಟೇ ಮುಖ್ಯ ಎಂದು ಈ ಕಥೆಯಿಂದ ನಾನು ತಿಳಿದಿದ್ದೇನೆ, ತಿಳಿಸುವ ಅಧಿಕಾರ ಹೆಂಡತಿಗೂ ಇತ್ತು ಎಂದು ಕೂಡ. ಅದಕ್ಕಿಂತ ಮುಖ್ಯವಾಗಿ, ಮಾರಯ್ಯ ಅವಳ ಮಾತಿಗೆ ಹೂಂ ಎಂದು ಅಕ್ಕಿ ಆಯುತ್ತಲೇ ಕೂತಿರಲಿಲ್ಲ.

ಲಕ್ಕಮ್ಮನನ್ನು ಕೇಳದ ಕಾಲ ನಮ್ಮದು. ದೇಶದ ದೊಡ್ಡ ಕಂಪನಿಯೊಂದರ ಅಧ್ಯಕ್ಷರು ವಾರಕ್ಕೆ 90 ಗಂಟೆ ದುಡಿಯಬೇಕೆಂದು ಹೇಳುತ್ತ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡಲಾದೀತು ಎಂದು ಕೇಳಿದ ವಿಡಿಯೊ 2025ರ ಜನವರಿಯಲ್ಲಿ ಮನೆಮನೆಗೂ ತಲುಪಿತು. ಲೆಕ್ಕಕ್ಕೆ ಉತ್ತರ ಸುಲಭ. ವಾರದ 168 ಗಂಟೆಯಲ್ಲಿ 90 ಹೋಗಿ, ನಿದ್ದೆಗೆ 49 ಹೋಗಿ, ಉಳಿಯುವುದು ದಿನಕ್ಕೆ ನಾಲ್ಕು ಗಂಟೆ ಚಿಲ್ಲರೆ. ಅದರಲ್ಲಿ ಸ್ನಾನ, ಊಟ, ಸಿಲ್ಕ್ ಬೋರ್ಡ್ ಸಿಗ್ನಲ್ ಎಲ್ಲ ಕಳೆದರೆ ನೋಡಲು ಉಳಿಯುವುದು ಮುಖವಲ್ಲ, ಬೆನ್ನು. ಆದರೆ ಪ್ರಶ್ನೆಯೇ ತಪ್ಪು. ಗಂಡ ಹೆಂಡತಿ ಜೊತೆಗಿರುವುದೆಂದರೆ ಎದುರುಬದುರು ಕೂತು ದೃಷ್ಟಿಯುದ್ಧ ಮಾಡುವುದಲ್ಲ. ನಮ್ಮ ಹಿರಿಯರು ಹಾಗೆ ಕೂತೇ ಇರಲಿಲ್ಲವಲ್ಲ, ಅವರ ಸಂಸಾರ ನಡೆಯಲಿಲ್ಲವೇ ಎನ್ನುವವರಿಗೂ ಇದೇ ಉತ್ತರ. ಅವರು ಕಣದಲ್ಲಿ, ಮಗ್ಗದ ಮುಂದೆ, ಕೊಟ್ಟಿಗೆಯಲ್ಲಿ ಒಂದೇ ಕೆಲಸದ ಎರಡು ಕಡೆ ಕೂತಿರುತ್ತಿದ್ದರು. ನಾವು ಒಂದೇ ಸೋಫಾದ ಮೇಲೆ ಎರಡು ಕೆಲಸದಲ್ಲಿ ಇರುತ್ತೇವೆ. ಇನ್ನು ಅತಿ ಗಟ್ಟಿಯಾದ ಆಕ್ಷೇಪ ಅಡುಗೆಮನೆಯಿಂದ ಬರುತ್ತದೆ: ನಾನೂ ಕೆಲಸ ಬದಿಗಿಟ್ಟು ನಿಮ್ಮ ಪಕ್ಕ ಕೂತರೆ ಸಾರು ಕುದಿಸುವವರು ಯಾರು? 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಈ 88 ಕೂಡ ಆ ಕೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ. ಹೂಂ ಎಂದು ಕೂತವರು ಅದರಲ್ಲಿ ಸೇರಿಲ್ಲ. ಆದ್ದರಿಂದ ಹಿಡಿದ ಕೆಲಸ ಬಿಟ್ಟು ಬಾ ಎಂದು ಕರೆಯುವ ಬದಲು ತನ್ನ ಕೆಲಸ ಬಿಟ್ಟು ಅವಳ ಕೆಲಸದ ಇನ್ನೊಂದು ತುದಿ ಹಿಡಿಯುವುದು ವಾಸಿ. ಆ ವಿಡಿಯೊ ಬಂದದ್ದು ಜನವರಿಯಲ್ಲಿ, ಬೆಂಗಳೂರು ಮೈಸೂರು ಸೀಮೆಯಲ್ಲಿ ಅವರೆಕಾಯಿಯ ಕಾಲ. ಸೊಗಡಿನ ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಬೆರಳ ನಡುವೆ ಹಿದುಕಿ ಬೇಳೆ ತೆಗೆಯುವ ಕೆಲಸಕ್ಕೆ ಎರಡು ಕೈಯೂ ಬೇಕು, ಮೊಬೈಲು ಹಿಡಿಯಲು ಮೂರನೆಯದು ಇರುವುದಿಲ್ಲ. ಬಾಯಿ ಮಾತ್ರ ಪೂರ್ತಿ ಬಿಡುವು. ಶಿವರಾತ್ರಿಯ ಹೊತ್ತಿಗೆ ಅವರೆಕಾಯಿ ಮುಗಿದಿರುತ್ತದೆ.