ಭಾಲ್ಕಿ ಮದುವೆಯ ಮೂರು ಸೀಡಿ

ಗೋಡೆಯಾಚೆಯ ಕಾಕಾ ಈಗೊಂದು ಹೊಸ ಪಟ್ಟು ಹಿಡಿದಿದ್ದಾರೆ. ಭಾಲ್ಕಿಯಲ್ಲಿ ಮಗಳ ಮದುವೆ ಮಾಡಿದರಲ್ಲ, ಅದರ ಮೂರು ವಿಸಿಡಿಗಳನ್ನು ಒಂದೇ ಡಿವಿಡಿಗೆ ಇಳಿಸಬೇಕಂತೆ. ಅರಿಶಿಣ ಮೊದಲನೆಯದರಲ್ಲಿ, ತಾಳಿ ಎರಡನೆಯದರಲ್ಲಿ, ಊಟ-ಆಯೇರಿ ಮೂರನೆಯದರಲ್ಲಿ. ಸರಿಯಾಗಿ ಅಕ್ಕಿಕಾಳು ಹಾಕಬೇಕು ಅನ್ನುವಾಗ ಮೊದಲ ಸೀಡಿ ಮುಗಿದುಹೋಗುತ್ತದೆ. ಪಾಪ, ಕಾಕಾ ಮೊಣಕಾಲು ಹಿಡಿದುಕೊಂಡು ಏಳಬೇಕು. ಎಪ್ಪತ್ತು ಚಿಲ್ಲರೆ ನಿಮಿಷ ತುಂಬಿತೋ, ಮುಗೀತು. ಮುಹೂರ್ತ ಗಿಹೂರ್ತ ಸೀಡಿಗೇನು ಗೊತ್ತು, ಅಲ್ವಾ?

“ಡಿವಿಡಿ ಮಾಡಿಸಿದ್ರ ಚಿತ್ರ ಚೊಕ್ಕ ಬರ್ತದ ಅಂತ ಅಂಗಡಿಯಾಂವ ಹೇಳ್ಯಾನ” ಅಂದರು.

“ಅಂವ ಹೇಳ್ತಾನ ಬಿಡ್ರಿ ಕಾಕಾ” ಅಂದೆ. ವಿಸಿಡಿಯ ಚಿತ್ರ ಅಂದರೆ 352ಕ್ಕೆ 288 ಚುಕ್ಕಿ, ಡಿವಿಡಿಯದು 720ಕ್ಕೆ 576. ಇದ್ದ ಚುಕ್ಕಿಯನ್ನು ಹಿಗ್ಗಿಸಬಹುದು, ಸರಿ. ಅಂದು ಸೀಡಿ ಮಾಡುವಾಗಲೇ ಅಳಿಸಿಹೋದ ಸೀರೆಯಂಚು ಇಂದು ಎಲ್ಲಿಂದ ಬಂದೀತು? ಅಂಬಲಿಗೆ ನೀರು ಸುರಿದರೆ ಗಡಿಗೆ ತುಂಬೀತು, ಅಷ್ಟೇ.

ಮಜಾ ಏನಂದರೆ, ಚಿತ್ರಕ್ಕೆ ಕೈ ಹಚ್ಚುವ ಜರೂರೇ ಇಲ್ಲ. ವಿಸಿಡಿಯ ಆ ಹಳೇ ಎಂಪೆಗ್-1 ಚಿತ್ರವನ್ನು ಡಿವಿಡಿ ಇದ್ದ ಹಾಗೇ ಒಳಗೆ ಬಿಟ್ಟುಕೊಳ್ಳುತ್ತದೆ. ಬಾಗಿಲಲ್ಲಿ ತಡೆದು ನಿಲ್ಲಿಸುವುದು ಧ್ವನಿಯನ್ನು! ವಿಸಿಡಿಯ ಧ್ವನಿ ಸೆಕೆಂಡಿಗೆ 44,100 ತುಣುಕು. ಡಿವಿಡಿಗೆ 48,000 ಆಗಬೇಕು, ಒಂದು ಕಡಿಮೆಯಾದರೂ ಒಲ್ಲೆ ಅನ್ನುತ್ತದೆ. ಅದೊಂದನ್ನು ಸರಿಪಡಿಸಿದರೆ ಇಂಥ ಐದು ವಿಸಿಡಿ ಒಂದೇ ಡಿವಿಡಿಯಲ್ಲಿ ಒತ್ತಿಕೊಂಡು ಕೂತಾವು. ಸರಿಪಡಿಸದೆ ಬರೀ ಹೆಸರು ಬದಲಿಸಿದರೆ ಮಾತ್ರ ಸ್ವಾಮಿಗಳ ಮಂತ್ರ ಶೇಕಡಾ 9ರಷ್ಟು ಜೋರಾಗಿ ಓಡಿ, ಮಠದ ಮರಿ ಓದಿದ ಹಾಗೆ ಕೇಳುತ್ತದೆ.

ಧ್ವನಿ ಅಂದಾಗ ನೆನಪಾಯಿತು. ನಮ್ಮ ತಂಗಿಯ ಮದುವೆ ಇಲ್ಲೇ ಬೀದರಿನಲ್ಲಿ ಆದದ್ದು. ಆಗಿನ್ನೂ ಸೂರ್ಯಕಿರಣದವರ ಹಳೇ ಕಿರಣ್ ವಿಮಾನಗಳು ನಮ್ಮ ತಲೆಮೇಲೆಯೇ ತಾಲೀಮು ಮಾಡುತ್ತಿದ್ದವು. 1996ರಲ್ಲಿ ಆ ತಂಡ ಹುಟ್ಟಿದ್ದೇ ನಮ್ಮ ವಾಯುನೆಲೆಯಲ್ಲಿ ಅಲ್ವಾ? ತಾಳಿ ಕಟ್ಟುವ ಹೊತ್ತಿಗೆ ಸಾಲಾಗಿ ಬಂದವು ನೋಡ್ರಿ. ವಾಲಗ ಕೇಳಿಸಲಿಲ್ಲ, ಮಂಗಲಾಷ್ಟಕ ಕೇಳಿಸಲಿಲ್ಲ. ಮದುಮಗನೂ ಮೇಲೆ ನೋಡಿದ. ಕ್ಯಾಮೆರಾದವನೂ ಮೇಲೆ ತಿರುಗಿಸಿದ. ಕಂಡದ್ದು ಬರೀ ಶಾಮಿಯಾನದ ಕೆಂಪು-ಹಳದಿ ಪಟ್ಟಿ. ತಿರುಗಿ ಕೆಳಗಿಳಿಸುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು! ಆಮೇಲೆ ಕ್ಯಾಸೆಟ್ಟಿನಿಂದ ಸೀಡಿ ಮಾಡುವಾಗ ಸ್ಟುಡಿಯೋದವನಿಗೆ ಆ ಗದ್ದಲ ಹೇಸಿಕೆ ಅನಿಸಿರಬೇಕು, ಒಂದು ಹಿಂದಿ ಸಿನಿಮಾ ಹಾಡು ತುಂಬಿ ನಾಲ್ಕು ಗುಲಾಬಿ ತಿರುಗಿಸಿಬಿಟ್ಟ. ಅದಕ್ಕೆ ‘ಮಿಕ್ಸಿಂಗ್’ ಅಂತ ಬೇರೆ ರೊಕ್ಕ.

ನನಗೆ ಸಿಟ್ಟು ಅದರ ಮೇಲೆ. ಚಿತ್ರ ಮಸುಕಾದರೂ ಅವ್ವನ ಮುಖ ಅವ್ವನದೇ ಅಂತ ಗುರುತು ಹತ್ತುತ್ತದೆ. ಅರಿಶಿಣ ಹಚ್ಚುವಾಗ ಮುದುಕಿಯರು ಹಾಡಿದ ಸೋಬಾನೆಯ ಮೇಲೆ ಸಿನಿಮಾ ಹಾಡು ಎಳೆದರೆ ಮುಗೀತು, ಅದನ್ನು ಯಾವ ಡಿಸ್ಕಿಗೆ ಇಳಿಸಿದರೂ ವಾಪಸ್ ಬರುವುದಿಲ್ಲ. ಕಾಕಾಗೂ ಅದನ್ನೇ ಹೇಳಿದೆ: ಅಂಗಡಿಯವನು “ಹೊಸ ಸಾಂಗ್ ಹಾಕಲೇನ್ರಿ?” ಅಂದರೆ ಕೈ ಮುಗಿದು ಬ್ಯಾಡಪ್ಪಾ ಅನ್ನಿ.

ಈ ಮಾತನ್ನು ಅವರು ಎಷ್ಟು ಗಟ್ಟಿ ಹಿಡಿದರೆಂದರೆ, ಡಿವಿಡಿ ಬಂದ ದಿನವೇ ಹೈದರಾಬಾದಿನಿಂದ ಬಂದಿದ್ದ ಅಳಿಯನ ಕೈಲಿ ಕಂಪ್ಯೂಟರಿಗೆ ಹಾಕಿಸಿ ತಪಾಸಣೆ ಮಾಡಿಸಿದರು. ಒಳಗೆ ಎರಡು ಫೋಲ್ಡರ್. ವಿಡಿಯೋ ಅಂತ ಹೆಸರಿದ್ದದ್ದು ತುಂಬಿತ್ತು, ಆಡಿಯೋ ಅಂತ ಹೆಸರಿದ್ದದ್ದು ಖಾಲಿ! “ಧ್ವನಿ ಎಲ್ಲಾ ತಿಂದಾನ್ರಿ!” ಅಂತ ಗೋಡೆ ಹತ್ತಿರ ಓಡಿ ಬಂದರು. ಆ ಫೋಲ್ಡರ್ ಯಾವ ವಿಡಿಯೋ ಡಿಸ್ಕಿನಲ್ಲೂ ಖಾಲಿಯೇ. ಬರೀ ಹಾಡಿನ ಡಿವಿಡಿ ಅಂತ ಇನ್ನೊಂದು ಜಾತಿ ಇತ್ತಲ್ಲ, ಅದಕ್ಕೆ ಇಟ್ಟ ಜಾಗ ಅದು. ಇದನ್ನು ಒಪ್ಪಿಸಲು ಎರಡು ಕಪ್ ಚಹಾ ಖರ್ಚಾಯಿತು.

ಇನ್ನು ಔರಾದಿನ ಬೀಗರ ಕಥೆ ಬೇರೆ. ಅವರ ಮಗ ಅಮರೇಶ್ವರ ಜಾತ್ರೆಯನ್ನು ಆ ಸಣ್ಣ ಡಿವಿಡಿ ಹಾಕುವ ಹ್ಯಾಂಡಿಕ್ಯಾಮಿನಲ್ಲಿ ತೆಗೆದಿದ್ದ; ಅಂಗೈಯಗಲದ ಡಿಸ್ಕು, ಅರ್ಧ ತಾಸಿನ ಚಿತ್ರ. ಯಾವ ಪ್ಲೇಯರಿಗೆ ಹಾಕಿದರೂ ಗಿರ್ರನೆ ತಿರುಗಿ ಸುಮ್ಮನಾಗುತ್ತದೆ. ಫಾರಿನ್ ಕ್ಯಾಮೆರಾ, ರೀಜನ್ ಕೋಡ್ ಅಡ್ಡ ಬರುತ್ತದೆ ಅಂತ ಅವರ ತೀರ್ಮಾನ. ಮನೆಯಲ್ಲಿ ತೆಗೆದ ಚಿತ್ರಕ್ಕೆ ಎಲ್ಲಿಯ ರೀಜನ್ ಕೋಡ್? ಕೊನೆಗೆ ‘ಫೈನಲೈಸ್’ ಒತ್ತಿಲ್ಲ, ಅಷ್ಟೇ. ಒತ್ತಬೇಕೆಂದರೆ ಅದೇ ಕ್ಯಾಮೆರಾ ಇದ್ದರೆ ಸಲೀಸು. ಆ ಕ್ಯಾಮೆರಾ ಯಾರದೋ ಜವಳಕ್ಕೆಂದು ದೇಗಲೂರಿಗೆ ಹೋದದ್ದು ಇನ್ನೂ ತಿರುಗಿ ಬಂದಿಲ್ಲ. ಕೇಳಿದರೆ ಸಂಬಂಧ ಕೆಡುತ್ತದಂತೆ.

ಡಿಸ್ಕುಗಳೂ ಈಗ ಸಿಗುವುದು ಕಷ್ಟ. ಖಾಲಿ ಸೀಡಿ ಅಂದರೆ ಮೋಸರ್ ಬೇರ್ ಅನ್ನುತ್ತಿದ್ದ ಕಾಲ ಒಂದಿತ್ತು; ಆ ಕಂಪನಿಯೇ 2018ರಲ್ಲಿ ದಿವಾಳಿಯಾಯಿತು. ಕಾಕಾ ಭಾಲ್ಕಿಯ ಬೀಗರಿಗೊಂದು, ಔರಾದಿಗೊಂದು ಅಂತ ಐದು ಪ್ರತಿ ಮಾಡಿಸಿ ಹಂಚಿದರು. ಮರುದಿನದಿಂದ ಒಬ್ಬೊಬ್ಬರದೇ ಫೋನು: ಡಿವಿಡಿ ಛಲೋ ಅದ ಕಾಕಾ, ಆದರ ಹಾಕ್ಲಿಕ್ಕ ಪ್ಲೇಯರ್ ಎಲ್ಲಿ ಅದ, ಪೆನ್‌ಡ್ರೈವಿಗೆ ಹಾಕಿ ಕೊಡ್ರಿ. ಈಗ ಕಾಕಾ ಐದು ಪೆನ್‌ಡ್ರೈವಿನ ರೇಟು ಕೇಳಲು ಪೇಟೆಗೆ ಹೋಗಿದ್ದಾರೆ. ರೊಕ್ಕ ಯಾರು ಕೊಡಬೇಕೆಂಬ ಮಾತು ಬೀಗರಲ್ಲಿ ಇನ್ನೂ ಬಗೆಹರಿದಿಲ್ಲ.