ಕ್ವಾರ್ಟರ್ಸ್ ಖಾಲಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು, ನಿವೃತ್ತಿಯ ತರುವಾಯ ಶಿವಮೊಗ್ಗೆಯಲ್ಲಿ ಮನೆಮಾಡಿದ ನಾನು, ಸಪತ್ನೀಕನಾಗಿ ನ್ಯೂಜೆರ್ಸಿಯ ಮಗನ ಮನೆಗೆ ಹೋಗಿದ್ದಾಗ, ಒಂದು ಶನಿವಾರ ಬೆಳಗ್ಗೆ ಅವನು ಮಾಸಿದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು ಬಂದು, "ಅಮ್ಮಾ, ಕ್ವಾರ್ಟರ್ಸ್ ಖಾಲಿಯಾಗಿದೆ" ಎಂದನು.

ನನ್ನಾಕೆಯ ಕೈಯ ಸೌಟು ಉಪ್ಪಿಟ್ಟಿನ ಬಾಣಲೆಯಲ್ಲೇ ನಿಂತಿತು. ಅವಳ ತಪ್ಪೇನೂ ಇಲ್ಲ. ಮೈಸೂರು ಸಂಸ್ಥಾನವು 1918ರಲ್ಲಿ ಸ್ಥಾಪಿಸಿದ ಆ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿ, 1936ರಲ್ಲಿ ಕಾಗದದ ಕಾರ್ಖಾನೆಯೂ ಜೊತೆಗೂಡಿದ ಮೇಲಂತೂ, ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ನ್ಯೂಟೌನು, ಪೇಪರ್ ಟೌನುಗಳೆಂದು ಸಾಲುಸಾಲಾಗಿ ಎದ್ದ ವಸತಿಗಳಲ್ಲಿ ಹುಟ್ಟಿ, ಬೆಳೆದು, ಮದುವೆಯಾದವರಿಗೆ 'ಕ್ವಾರ್ಟರ್ಸ್ ಖಾಲಿ' ಎಂದರೆ ಒಂದೇ ಅರ್ಥ: ಯಜಮಾನರ ನೌಕರಿ ಮುಗಿಯಿತು, ಹಿತ್ತಲಿನ ನುಗ್ಗೆಮರವನ್ನು ಮುಂದಿನವರಿಗೆ ಬಿಟ್ಟು ಲಾರಿ ಹತ್ತಬೇಕು. "ರೀ, ಇವನ ಕೆಲಸ ಹೋಯಿತೇನೋ!" ಎಂದು ಅವಳು ಕಣ್ಣೊರಸಿಕೊಂಡಳು.

ಅದೇ ವೇಳೆಗೆ ಫೋನಿನ ಪರದೆಯ ಮೇಲೆ ವಿರಾಜಮಾನನಾಗಿದ್ದ ನನ್ನ ಭಾವಮೈದುನ, ಶಿವಮೊಗ್ಗೆಯ ದುರ್ಗಿಗುಡಿಯಿಂದ, ದನಿ ತಗ್ಗಿಸಿ ಕೇಳಿದ: "ಭಾವ, ಕ್ವಾರ್ಟರು ಖಾಲಿಯಾಯಿತೆ? ಅಲ್ಲಿಯೂ ನೂರೆಂಬತ್ತರದೇ ಸಿಗುತ್ತದೆಯೆ?"

ಮುಕ್ಕಾಲು ಲೀಟರಿನ ಸೀಸೆಯ ಕಾಲುಭಾಗವೆಂದು ನಮ್ಮ ಮದ್ಯದಂಗಡಿಗಳಲ್ಲಿ ಮಾರುವ ನೂರೆಂಬತ್ತು ಮಿಲಿಲೀಟರಿನ ಆ ವಸ್ತುವನ್ನು ನೆನೆದ ಅವನನ್ನು ನಾನು ಗದರಿಸಿದೆನಾದರೂ, ಪದದ ಜನ್ಮಸ್ಥಾನಕ್ಕೆ ನಮ್ಮೆಲ್ಲರಿಗಿಂತ ಸಮೀಪದಲ್ಲಿದ್ದವನು ಅವನೇ ಎಂಬುದನ್ನು ಒಪ್ಪಲೇಬೇಕಾಗಿದೆ. ಪ್ರಾಚೀನ ರೋಮನರ 'ಕ್ವಾರ್ಟಾರಿಯಸ್' ದ್ರವಪದಾರ್ಥಗಳನ್ನಳೆಯುವ ಒಂದು ಮಾನ. ದೊಡ್ಡ ಅಳತೆಯೊಂದರ ನಾಲ್ಕನೆಯ ಪಾಲು. ಅದು ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು, ಪಟ್ಟಣದ ಒಂದು ಭಾಗವಾಗಿ, ಕೇರಿಯಾಗಿ, ಸೈನಿಕರ ಬಿಡಾರವಾಗಿ, ಕಟ್ಟಕಡೆಗೆ ನಮ್ಮ ನುಗ್ಗೆಮರದ ಮನೆಯಾಯಿತು. ಸೈನಿಕರನ್ನು ಶಾಂತಿಕಾಲದಲ್ಲಿ ಒಡೆಯನ ಸಮ್ಮತಿಯಿಲ್ಲದೆ ಮನೆಗಳಲ್ಲಿ ಬಿಡಾರ ಹೂಡಿಸಕೂಡದೆಂದು ಅಮೆರಿಕದ ಸಂವಿಧಾನಕ್ಕೆ 1791ರಲ್ಲಿಯೇ ತಿದ್ದುಪಡಿಯಾಗಿದೆಯಂತೆ. "ಅತ್ತೆಮಾವಂದಿರ ವಿಷಯ ಅದರಲ್ಲಿಲ್ಲ ಮಾವ" ಎಂದು ಸೊಸೆ ನಕ್ಕಳು. ಅವಳ ಕ್ವಾರ್ಟರೇ ಬೇರೆ. ಅದು ಮೂರು ತಿಂಗಳಿನದು. ಅದು ಮುಗಿಯುವ ವಾರದಲ್ಲಿ ಅವಳನ್ನು ಊಟಕ್ಕೆ ಕರೆಯುವುದೂ ಅಪಾಯಕರ.

ನಮ್ಮ ಹಿರಿಯರು ಈ ಭಾಗಾಕಾರವನ್ನು ಹಸುವಿನ ಮೇಲೆಯೇ ಮಾಡಿ ಮುಗಿಸಿದ್ದಂತೆ ತೋರುತ್ತದೆ. ನಾಲ್ಕು ಕಾಲಿನ ಪ್ರಾಣಿ ಒಂದು ಪೂರ್ಣವಾದರೆ ಅದರ ಒಂದು ಕಾಲು, ಕಾಲು. ಸಂಸ್ಕೃತದ ಪಾದಕ್ಕೂ ಇವೇ ಎರಡರ್ಥ. ಸೇರಿನ ಕಾಲು ಪಾವು, ರೂಪಾಯಿಯ ಕಾಲು ಪಾವಲಿ.

ಮಗನು ಹೇಳಿದ್ದಾದರೋ ಈ ಕಡೆಯದನ್ನೇ. ಡಾಲರಿನ ನಾಲ್ಕನೆಯ ಒಂದು ಪಾಲಿನ ನಾಣ್ಯಕ್ಕೂ ಅಲ್ಲಿ ಕ್ವಾರ್ಟರೆಂದೇ ಹೆಸರು. ಕಟ್ಟಡದ ನೆಲಮಾಳಿಗೆಯಲ್ಲಿರುವ ಒಗೆಯುವ ಯಂತ್ರವು ಅಂಥ ಎಂಟನ್ನು ನುಂಗದೆ ಒಂದು ಸುತ್ತೂ ತಿರುಗದು. ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದವು ಎಲ್ಲಿ ಹೋದವೆಂದು ಅವನು ಹುಡುಕುತ್ತಿದ್ದನು.

"ಪಾವಲಿಯೆ? ಮೊದಲೇ ಹಾಗೆ ಹೇಳಬಾರದೆ?" ಎಂದ ನನ್ನಾಕೆ, ದೇವರ ಗೂಡಿನಿಂದ ಅರಿಸಿನದ ಬಟ್ಟೆಯ ಗಂಟೊಂದನ್ನು ತೆಗೆದಳು. ನಮ್ಮ ಇಪ್ಪತ್ತೈದು ಪೈಸೆ 2011ರಲ್ಲಿ ಚಲಾವಣೆಯಿಂದ ನಿಂತ ಮೇಲೆ ಪಾವಲಿಯ ಮುಖವನ್ನೇ ಕಾಣದಿದ್ದ ಅವಳು, ಭದ್ರಾವತಿಯ ಹೊಯ್ಸಳರ ಗುಡಿಯ ಲಕ್ಷ್ಮೀನರಸಿಂಹನಿಗೆ ಹನ್ನೊಂದರ ಮುಡಿಪನ್ನು ಹೊತ್ತು, ಡಬ್ಬಿಯಿಂದ ದಿನಕ್ಕೊಂದರಂತೆ ಕಟ್ಟುತ್ತ ಬಂದಿದ್ದಳು. ಬಿಚ್ಚಿ ಎಣಿಸಿದರೆ ಸರಿಯಾಗಿ ಎಂಟು! ಮಗನ ಮುಖ ಅರಳಿತು. ಆದರೆ ಕಟ್ಟಿದ ಮುಡಿಪನ್ನು ಬಿಚ್ಚಿದ್ದು ದೋಷವಲ್ಲವೆ? ಒಂದನ್ನು ತಪ್ಪುಕಾಣಿಕೆಯೆಂದು ಎತ್ತಿ ಗೂಡಿನಲ್ಲಿಟ್ಟು, ಉಳಿದುವನ್ನು ಅವನ ಅಂಗೈಗೆ ಸುರಿದು, ಅವಳು ಉಪ್ಪಿಟ್ಟಿನ ಕಡೆಗೆ ತಿರುಗಿದಳು.

ಅವನು ನಾಣ್ಯಗಳನ್ನೂ ಬುಟ್ಟಿಯನ್ನೂ ತಾಯಿಯನ್ನೂ ನೋಡುತ್ತ ನಿಂತಿರಲು, ಪರದೆಯಿಂದ ಮತ್ತೆ ಆ ಪಿಸುದನಿ ಕೇಳಿತು: "ಭಾವ, ಕೊನೆಗೆ ಸಿಕ್ಕಿತೆ?"

"ಏಳು ಸಿಕ್ಕಿದವಪ್ಪ, ಸಾಲದು" ಎಂದೆ.

ದುರ್ಗಿಗುಡಿಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.